ಹೊಟ್ಟೆಯೊಳಗಿನ ಯೀಸ್ಟಿಗೆ ಮೂರು ತಿಂಗಳ ಮಾತ್ರೆ ಬೇಕೇ?

ಪ್ರಶ್ನೆ: ನನಗೆ 44 ವರ್ಷ. ದಾವಣಗೆರೆಯಲ್ಲಿ ಶಾಲಾ ಶಿಕ್ಷಕಿ. ಆರು ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿದ ಮಾತ್ರೆ ಮೊದಲಿನಿಂದಲೂ ತೆಗೆದುಕೊಳ್ಳುತ್ತಿದ್ದೇನೆ. ಕಳೆದ ವರ್ಷ ಡಾಪಾಗ್ಲಿಫ್ಲೋಜಿನ್ ಸೇರಿಸಿದರು. ಗ್ಯಾಸಿಗೆ ಅಂತ ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್-ಡೊಂಪೆರಿಡೋನ್ ಕ್ಯಾಪ್ಸೂಲ್. ಎರಡು ವರ್ಷದಿಂದ ಹೊಟ್ಟೆ ಉಬ್ಬರ, ತೇಗು, ಆಗಾಗ ಬೇಧಿ, ಸುಸ್ತು, ತಲೆ ಮಂಕು. ಈಗೀಗ ಕೆಳಗಡೆ ತುರಿಕೆ, ಬಿಳಿ ಸೆರಗು ಕೂಡ ಮತ್ತೆ ಮತ್ತೆ ಬರುತ್ತಿದೆ. ಒಂದು ವೆಲ್‌ನೆಸ್ ಸೆಂಟರಿನಲ್ಲಿ ನೀರಿನ ಲೋಟಕ್ಕೆ ಉಗುಳಿಸಿ ನೋಡಿದರು, ಮಲ ಪರೀಕ್ಷೆಯೂ ಮಾಡಿಸಿದರು. ‘ಕ್ಯಾಂಡಿಡಾ 3+, ಕರುಳಿನ ತುಂಬ ಯೀಸ್ಟ್ ಬೆಳೆದಿದೆ’ ಅಂದರು. ಮೂರು ತಿಂಗಳು ದಿನಾ ಯೀಸ್ಟ್ ಕೊಲ್ಲುವ ಫ್ಲುಕೋನಜೋಲ್ ಮಾತ್ರೆ, ಜೊತೆಗೆ ಪ್ರೊಬಯಾಟಿಕ್ ಸ್ಯಾಶೆ, ಓರೆಗಾನೋ ಎಣ್ಣೆಯ ಕ್ಯಾಪ್ಸೂಲ್. ಅನ್ನ, ಇಡ್ಲಿ, ದೋಸೆ, ಬ್ರೆಡ್, ಹಣ್ಣು, ಮೊಸರು ಎಲ್ಲ ಬಂದ್. ಹತ್ತು ದಿನ ಆಯಿತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೈ ನಡುಗುತ್ತದೆ, ಬೆವರುತ್ತೇನೆ, ಹೊಟ್ಟೆ ತೊಳಸುತ್ತದೆ. ‘ಯೀಸ್ಟ್ ಸಾಯುತ್ತಿದೆ, ಅದಕ್ಕೇ ಹೀಗೆ, ಗಾಬರಿ ಬೇಡ’ ಅನ್ನುತ್ತಾರೆ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8.9 ಇದೆ. ಈ ಚಿಕಿತ್ಸೆ ಮುಂದುವರಿಸುವುದರಲ್ಲಿ ಅರ್ಥ ಇದೆಯಾ? ನನ್ನ ಯಜಮಾನರೂ ಮಾತ್ರೆ ತೆಗೆದುಕೊಳ್ಳಬೇಕಂತೆ, ಹೌದಾ?

ಉತ್ತರ: ಯೀಸ್ಟಿನ ವಿಷಯ ಆಮೇಲೆ. ಹನ್ನೊಂದರ ಹೊತ್ತಿನ ಆ ನಡುಕ, ಬೆವರಿಗೆ ಮೊದಲು ಉತ್ತರ ಹೇಳಬೇಕು. ಅದು ಅವಸರದ್ದು.

ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಬಿಡಿಸುವ ಮಾತ್ರೆ. ನೀವು ಊಟ ಮಾಡಿದ್ದೀರೋ ಇಲ್ಲವೋ ಅದು ನೋಡುವುದಿಲ್ಲ. ಈ ಮಾತ್ರೆಯನ್ನು ದೇಹದಿಂದ ಹೊರಹಾಕಲು ಲಿವರ್ ಒಂದು ಕಿಣ್ವವನ್ನು ಬಳಸುತ್ತದೆ. ಫ್ಲುಕೋನಜೋಲ್ ಅದೇ ಕಿಣ್ವಕ್ಕೆ ಅಡ್ಡಗಾಲು ಹಾಕುತ್ತದೆ. ಆರೋಗ್ಯವಂತರಲ್ಲಿ ಮಾಡಿದ ಅಧ್ಯಯನದಲ್ಲಿ ಇವೆರಡನ್ನೂ ಜೊತೆಗೆ ಕೊಟ್ಟಾಗ ದೇಹಕ್ಕೆ ಸಿಕ್ಕ ಗ್ಲಿಮೆಪಿರೈಡ್ ಪ್ರಮಾಣ ಎರಡು ಪಟ್ಟು ದಾಟಿತ್ತು. ಅಂದರೆ ನಿಮ್ಮ ಡಾಕ್ಟರ್ ಬರೆದ ಡೋಸ್ ಅದೇ ಇದೆ, ಆದರೆ ಮೈಗೆ ಸೇರುತ್ತಿರುವುದು ಅದಕ್ಕಿಂತ ಬಹಳ ಜಾಸ್ತಿ. ಅದರ ಮೇಲೆ ಬೆಳಗಿನ ತಿಂಡಿಯಲ್ಲಿ ಅನ್ನ, ಇಡ್ಲಿ ಏನೂ ಇಲ್ಲ. ಹನ್ನೊಂದು ಗಂಟೆಗೆ ಶುಗರ್ ಇಳಿದು ಕೈ ನಡುಗಿದರೆ ಆಶ್ಚರ್ಯವೇನು? ಮುಂದಿನ ಸಲ ಹಾಗಾದಾಗ ತಕ್ಷಣ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಮೀಟರ್ ಕೈಗೆ ಸಿಗದಿದ್ದರೆ ಕಾಯಬೇಡಿ, ಸಕ್ಕರೆ ಮೊದಲು. ಯೀಸ್ಟಿಗೆ ಸಕ್ಕರೆ ಸಿಕ್ಕಿಬಿಡುತ್ತದೆ ಅನ್ನೋ ಭಯ ಆ ಹೊತ್ತಿನಲ್ಲಿ ಬೇಡವೇ ಬೇಡ.

ಹೊಟ್ಟೆ ತೊಳಸುವುದು ಇನ್ನೊಂದು ದಾರಿ ತೋರಿಸುತ್ತದೆ, ಅದು ಇದಕ್ಕಿಂತ ಅಪಾಯದ್ದು. ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುವ ಮಾತ್ರೆ. ಒಳ್ಳೆಯ ಔಷಧಿ, ಹೃದಯಕ್ಕೂ ಕಿಡ್ನಿಗೂ ಉಪಕಾರಿ. ಆದರೆ ಅದನ್ನು ತೆಗೆದುಕೊಳ್ಳುವವರು ಅನ್ನ, ರೊಟ್ಟಿ, ಹಣ್ಣು ಎಲ್ಲ ಒಮ್ಮೆಲೇ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಆಮ್ಲ ತುಂಬಿಕೊಳ್ಳಬಹುದು. ಇದು ಕೀಟೋಅಸಿಡೋಸಿಸ್. ಸಾಮಾನ್ಯವಾಗಿ ಈ ತೊಂದರೆ ಆದಾಗ ಶುಗರ್ ತುಂಬ ಏರಿರುತ್ತದೆ, ಹಾಗಾಗಿ ಬೇಗ ಗೊತ್ತಾಗುತ್ತದೆ. ಈ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಶುಗರ್ ಹೆಚ್ಚುಕಡಿಮೆ ಸರಿಯಾಗಿಯೇ ಇದ್ದು ಒಳಗೆ ಆಮ್ಲ ಏರುತ್ತಿರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಲಕ್ಷಣ ಏನು ಗೊತ್ತಾ? ಹೊಟ್ಟೆ ತೊಳಸುವುದು, ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು, ಜೋರು ಉಸಿರು. ‘ಯೀಸ್ಟ್ ಸಾಯುತ್ತಿದೆ’ ಅಂತ ಹೇಳಿ ಸಮಾಧಾನ ಮಾಡಲು ಹೇಳಿ ಮಾಡಿಸಿದಂಥ ಲಕ್ಷಣಗಳು. ವಾಂತಿ ಶುರುವಾದರೆ, ಊಟ ಸೇರದಿದ್ದರೆ, ಡಾಪಾಗ್ಲಿಫ್ಲೋಜಿನ್ ನಿಲ್ಲಿಸಿ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಅಂತ ಹೇಳಿ, ಕೀಟೋನ್ ಪರೀಕ್ಷೆ ಮಾಡಿ ಅಂತ ನೀವೇ ಕೇಳಿ.

ಸದ್ಯಕ್ಕೆ ಇವತ್ತಿನಿಂದಲೇ ಫ್ಲುಕೋನಜೋಲ್ ನಿಲ್ಲಿಸಿ. ಅನ್ನ, ಮುದ್ದೆ, ರೊಟ್ಟಿ ಮತ್ತೆ ಶುರು ಮಾಡಿ, ಅಳತೆಯಲ್ಲಿ. ನಿಮ್ಮ ಶುಗರ್ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಈ ಹತ್ತು ದಿನದ ಕಥೆ ಹೇಳಿ, ಗ್ಲಿಮೆಪಿರೈಡ್ ಡೋಸ್ ಏನು ಮಾಡಬೇಕು ಅಂತ ಕೇಳಿ. ಫ್ಲುಕೋನಜೋಲ್ ಮೈಯಿಂದ ನಿಧಾನಕ್ಕೆ ಹೋಗುತ್ತದೆ. ನಿಲ್ಲಿಸಿದ ಮೇಲೂ ನಾಲ್ಕೈದು ದಿನ ಅದರ ಪ್ರಭಾವ ಇರುತ್ತದೆ, ಅಷ್ಟು ದಿನ ಮೀಟರ್ ಬ್ಯಾಗಿನಲ್ಲೇ ಇರಲಿ.

ಈಗ ನಿಮ್ಮ ಮೂಲ ಪ್ರಶ್ನೆ. ಕರುಳಿನಲ್ಲಿ ಯೀಸ್ಟ್ ಇದೆಯಾ? ಇದೆ. ನನ್ನ ಕರುಳಿನಲ್ಲೂ ಇರಬಹುದು. ಆರೋಗ್ಯವಂತರ ಮಲ ಪರೀಕ್ಷಿಸಿದರೆ ಅರ್ಧಕ್ಕೂ ಹೆಚ್ಚು ಜನರಲ್ಲಿ ಕ್ಯಾಂಡಿಡಾ ಎಂಬ ಈ ಯೀಸ್ಟ್ ಸಿಗುವುದು ಮಾಮೂಲು. ಹುಟ್ಟಿದ ಸ್ವಲ್ಪ ದಿನಕ್ಕೇ ಅದು ನಮ್ಮೊಳಗೆ ಬಂದು ಕೂತುಬಿಡುತ್ತದೆ. ಕರುಳಿನ ಕೋಟ್ಯಂತರ ಬ್ಯಾಕ್ಟೀರಿಯಾಗಳ ನಡುವೆ ಅದಕ್ಕೆ ಸಿಗುವ ಜಾಗ ಬಹಳ ಕಡಿಮೆ. ಆ್ಯಂಟಿಬಯಾಟಿಕ್ ತೆಗೆದುಕೊಂಡಾಗ ಬ್ಯಾಕ್ಟೀರಿಯಾ ಸತ್ತು ಇದು ಸ್ವಲ್ಪ ಹೆಚ್ಚುತ್ತದೆ. ಬ್ಯಾಕ್ಟೀರಿಯಾ ಚೇತರಿಸಿಕೊಂಡಂತೆ ಸಾಮಾನ್ಯವಾಗಿ ತಾನೇ ಹಿಂದೆ ಸರಿಯುತ್ತದೆ. ಹಾಗಾಗಿ ಮಲದಲ್ಲಿ ‘ಕ್ಯಾಂಡಿಡಾ 3+’ ಅನ್ನುವ ರಿಪೋರ್ಟ್ ನಿಮ್ಮ ಕಾಯಿಲೆ ಏನು ಅಂತ ಹೇಳುವುದಿಲ್ಲ. ಡಬ್ಬಿಯಲ್ಲಿಟ್ಟ ಮಲ ಲ್ಯಾಬಿಗೆ ಹೋಗುವುದು ತಡವಾದರೆ ಡಬ್ಬಿಯಲ್ಲೇ ಯೀಸ್ಟ್ ಬೆಳೆಯುತ್ತದೆ, ಪ್ಲಸ್ಸುಗಳೂ ಬೆಳೆಯುತ್ತವೆ. ರಕ್ತದಲ್ಲಿ ಕ್ಯಾಂಡಿಡಾ ವಿರುದ್ಧದ ಆ್ಯಂಟಿಬಾಡಿ ನೋಡುವ ಪರೀಕ್ಷೆಯದೂ ಇದೇ ಹಣೆಬರಹ. ಜೊತೆಗೇ ಬದುಕಿದ ಜೀವಿಯ ಗುರುತು ಎಲ್ಲರ ರಕ್ತದಲ್ಲೂ ಇರುತ್ತದೆ ಅಲ್ವಾ?

ಇನ್ನು ಆ ಉಗುಳಿನ ಲೋಟ. ಎಂಜಲಿನಲ್ಲಿ ಲೋಳೆ ಇರುತ್ತದೆ, ಗಾಳಿಯ ಗುಳ್ಳೆ ಇರುತ್ತದೆ. ಬಾಯಿ ಒಣಗಿದ್ದರೆ ದಪ್ಪಗಿರುತ್ತದೆ. ಅದು ನೀರಿನಲ್ಲಿ ಎಳೆ ಎಳೆಯಾಗಿ ಇಳಿದರೆ ಅದರ ಅರ್ಥ ಎಂಜಲು ಇಳಿಯಿತು ಅಂತ, ಅಷ್ಟೇ. ಅದಕ್ಕೆ ದುಡ್ಡು ತೆಗೆದುಕೊಂಡಿದ್ದರೆ ವಾಪಸ್ ಕೇಳಿ ಅನ್ನುವಷ್ಟು ಸಿಟ್ಟು ಬರುತ್ತದೆ ನನಗೆ.

ಸುಸ್ತು, ತಲೆ ಮಂಕು, ಮೈಕೈ ನೋವು, ಬೇಸರ ಎಲ್ಲಕ್ಕೂ ಕರುಳಿನ ಯೀಸ್ಟೇ ಕಾರಣ ಅನ್ನುವ ವಾದ ಹುಟ್ಟಿದ್ದು ಅಮೆರಿಕದಲ್ಲಿ. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನ ಓರಿಯನ್ ಟ್ರಸ್ ಎಂಬ ವೈದ್ಯರು 1970ರ ದಶಕದ ಕೊನೆಯಲ್ಲಿ ಇದನ್ನು ಬರೆಯತೊಡಗಿದರು. ಟೆನೆಸಿಯ ವಿಲಿಯಂ ಕ್ರೂಕ್ ಎಂಬ ಮಕ್ಕಳ ವೈದ್ಯರು 1983ರಲ್ಲಿ ಪುಸ್ತಕ ಬರೆದು ಮನೆಮನೆಗೆ ಮುಟ್ಟಿಸಿದರು. ಅದರಲ್ಲಿ ಒಂದು ಪ್ರಶ್ನಾವಳಿ ಇತ್ತು. ಅದರ ಮೊಮ್ಮಕ್ಕಳು ಇವತ್ತು ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತಿವೆ. ಅಲ್ಲಿನ ಅಲರ್ಜಿ ತಜ್ಞರ ಅಕಾಡೆಮಿ 1986ರಲ್ಲಿ ಈ ವಾದ ಬರೀ ಊಹೆ, ಸಾಬೀತಾಗಿಲ್ಲ ಎಂದು ಹೇಳಿಕೆ ಕೊಟ್ಟಿತು.

ಹೇಳಿಕೆಗಿಂತ ನನಗೆ ಮುಖ್ಯ ಅನಿಸುವುದು ಆಮೇಲೆ ನಡೆದ ಪ್ರಯೋಗ. ಅದೇ ಬರ್ಮಿಂಗ್‌ಹ್ಯಾಮಿನ ವಿಶ್ವವಿದ್ಯಾಲಯದ ವಿಲಿಯಂ ಡಿಸ್ಮ್ಯೂಕ್ಸ್ ಮತ್ತು ಜೊತೆಗಾರರು ಇದನ್ನು ತಳ್ಳಿಹಾಕುವ ಬದಲು ಪರೀಕ್ಷೆಗೆ ಒಡ್ಡಿದರು. ಈ ತೊಂದರೆ ಇದೆ ಎನ್ನಲಾದ 42 ಮಹಿಳೆಯರನ್ನು ತೆಗೆದುಕೊಂಡರು. ಯೀಸ್ಟ್ ಕೊಲ್ಲುವ ನಿಸ್ಟಾಟಿನ್ ಮತ್ತು ಔಷಧಿಯೇ ಇಲ್ಲದ ಹುಸಿ ಮಾತ್ರೆ, ಇವನ್ನು ಬಾಯಿಗೆ ಮತ್ತು ಯೋನಿಗೆ ಬೇರೆ ಬೇರೆ ಜೋಡಿಯಲ್ಲಿ, ಒಂದೊಂದನ್ನು ಎಂಟು ವಾರ ಕೊಟ್ಟರು. ಯಾವಾಗ ಯಾವುದು ಅಂತ ಕೊಡುವವರಿಗೂ ಗೊತ್ತಿಲ್ಲ, ತೆಗೆದುಕೊಳ್ಳುವವರಿಗೂ ಗೊತ್ತಿಲ್ಲ. 1990ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫಲಿತಾಂಶ ಬಂತು. ಯೋನಿಯ ತುರಿಕೆ, ಸೆರಗಿಗೆ ನಿಸ್ಟಾಟಿನ್ ನಿಜವಾಗಿ ಕೆಲಸ ಮಾಡಿತ್ತು. ಸುಸ್ತು, ಬೇಸರದಂಥ ಉಳಿದ ಲಕ್ಷಣಗಳು ಕೂಡ ಕಡಿಮೆಯಾಗಿದ್ದವು. ಆದರೆ ಹುಸಿ ಮಾತ್ರೆಯಲ್ಲೂ ಅಷ್ಟೇ ಕಡಿಮೆಯಾಗಿದ್ದವು. ‘ನನಗೆ ಗುಣ ಆಯಿತು’ ಅನ್ನುವವರು ಸುಳ್ಳು ಹೇಳುತ್ತಿಲ್ಲ ಅಂತಲೂ ಇದರಿಂದ ಗೊತ್ತಾಗುತ್ತದೆ. ಗುಣ ಆಗಿರುತ್ತದೆ. ಯೀಸ್ಟ್ ಸತ್ತಿದ್ದರಿಂದಲೇ ಆಯಿತು ಅನ್ನುವುದಕ್ಕೆ ಆಧಾರ ಸಿಗಲಿಲ್ಲ.

ಇದಕ್ಕೆ ವಿರುದ್ಧವಾದದ್ದೂ ಒಂದಿದೆ, ಅದನ್ನು ಮುಚ್ಚಿಡಬಾರದು. 2001ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಪ್ರಶ್ನಾವಳಿಯಲ್ಲಿ ಜಾಸ್ತಿ ಅಂಕ ಬಂದವರಿಗೆ ನಾಲ್ಕು ವಾರ ನಿಸ್ಟಾಟಿನ್ ಕೊಟ್ಟಾಗ ಹುಸಿ ಮಾತ್ರೆಗಿಂತ ಸ್ವಲ್ಪ ಹೆಚ್ಚು ಅನುಕೂಲ ಕಂಡಿತ್ತು. ಅದರಲ್ಲಿ ಅವರಿಗೆ ಯೀಸ್ಟ್ ಹೆಚ್ಚಾಗಿತ್ತು ಅಂತ ತೋರಿಸಿರಲಿಲ್ಲ, ಲಕ್ಷಣವನ್ನಷ್ಟೇ ನಂಬಿದ್ದರು. ಒಂದು ಪ್ರಯೋಗ ಹೀಗೆ, ಒಂದು ಹಾಗೆ. ನಿಸ್ಟಾಟಿನ್ ಕರುಳಿನಿಂದ ರಕ್ತಕ್ಕೆ ಹೆಚ್ಚುಕಡಿಮೆ ಹೋಗುವುದೇ ಇಲ್ಲ, ಹಾಗಾಗಿ ಅಂಥ ಪ್ರಯೋಗದಲ್ಲಿ ಕಳೆದುಕೊಳ್ಳುವುದು ಕಡಿಮೆ. ನಿಮಗೆ ಕೊಟ್ಟಿರುವ ಫ್ಲುಕೋನಜೋಲ್ ಇಡೀ ಮೈಗೆ ಹೋಗುತ್ತದೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಒಪ್ಪುವುದಿಲ್ಲ.

ಕರುಳಿನಲ್ಲಿ ಯೀಸ್ಟ್ ಹೆಚ್ಚಾಗಿ ತೊಂದರೆ ಕೊಡುವುದೇ ಸುಳ್ಳಾ ಹಾಗಾದರೆ? ಪೂರ್ತಿ ಸುಳ್ಳಲ್ಲ. ನಿಮ್ಮ ವಿಷಯದಲ್ಲಿ ಇದನ್ನು ನಾನು ಗಂಭೀರವಾಗಿಯೇ ನೋಡುತ್ತೇನೆ. ಯೀಸ್ಟ್ ಕೂಡ ಒಂದು ಫಂಗಸ್. ಸಣ್ಣ ಕರುಳಿನಲ್ಲಿ ಫಂಗಸ್ ಹೆಚ್ಚಾಗುವ ಸ್ಥಿತಿಯನ್ನು ವೈದ್ಯರು ಸಿಫೋ ಅನ್ನುತ್ತಾರೆ. ಅಮೆರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾದಲ್ಲಿರುವ ಡಾ. ಸತೀಶ್ ರಾವ್ ಮತ್ತು ಅವರ ಜೊತೆಗಾರರು, ಎಂಡೋಸ್ಕೋಪಿಯಲ್ಲೂ ಸ್ಕ್ಯಾನಿನಲ್ಲೂ ಕಾರಣ ಸಿಗದೆ ಹೊಟ್ಟೆ ತೊಂದರೆಯಿಂದ ಒದ್ದಾಡುತ್ತಿದ್ದ 150 ಜನರ ಸಣ್ಣ ಕರುಳಿನ ರಸ ತೆಗೆದು ಬೆಳೆಸಿ ನೋಡಿದರು. 2013ರಲ್ಲಿ ಬಂದ ಆ ವರದಿಯ ಪ್ರಕಾರ ಕೆಲವರಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಇತ್ತು, ಕೆಲವರಲ್ಲಿ ಫಂಗಸ್, ಕೆಲವರಲ್ಲಿ ಎರಡೂ. ಹೀಗಾಗುವ ಸಂಭವವನ್ನು ಹೆಚ್ಚಿಸುವ ಎರಡು ಕಾರಣ ಎದ್ದು ಕಂಡವು. ಒಂದು, ಕರುಳಿನ ಚಲನೆ ನಿಧಾನ ಆಗಿರುವುದು. ಇನ್ನೊಂದು, ಪ್ಯಾಂಟೊಪ್ರಜೋಲ್ ಥರದ ಆ್ಯಸಿಡ್ ಕಡಿಮೆ ಮಾಡುವ ಮಾತ್ರೆ. ಹಳೆಯ ಶುಗರಿನಿಂದ ಕರುಳಿನ ನರ ಸೋತು ಚಲನೆ ನಿಧಾನ ಆಗುತ್ತದೆ. ನಿಮಗೆ ಎಚ್‌ಬಿಎ1ಸಿ 8.9, ಜೊತೆಗೆ ದಿನಾ ಪ್ಯಾಂಟೊಪ್ರಜೋಲ್. ಎರಡಕ್ಕೂ ನಿಮ್ಮಲ್ಲಿ ಜಾಗ ಇದೆ.

ಆದರೆ ಇದನ್ನು ಹೇಳಬೇಕಾದದ್ದು ಮಲವಲ್ಲ, ಉಗುಳಲ್ಲ. ಎಂಡೋಸ್ಕೋಪಿ ಹಾಕಿ ಸಣ್ಣ ಕರುಳಿನ ರಸ ಹೀರಿ ತೆಗೆದು ಬೆಳೆಸಬೇಕು. ಒಂದು ಮಿಲಿಲೀಟರಿಗೆ ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಫಂಗಸ್ ಕಾಲೊನಿ ಬಂದರೆ ಸಿಫೋ ಎನ್ನುತ್ತಾರೆ. ಈ ಪರೀಕ್ಷೆ ಎಲ್ಲ ಕಡೆ ಮಾಡುವುದಿಲ್ಲ. ಊದಿ ನೋಡುವ ಪರೀಕ್ಷೆಯಲ್ಲಿ ಫಂಗಸ್ ಗೊತ್ತಾಗುವುದಿಲ್ಲ. ಸಿಕ್ಕರೆ ಚಿಕಿತ್ಸೆ ಎರಡು ಮೂರು ವಾರದ್ದು, ಮೂರು ತಿಂಗಳದ್ದಲ್ಲ. ಆ ಎರಡು ಮೂರು ವಾರಕ್ಕೂ ದೊಡ್ಡ ಪ್ರಯೋಗಗಳ ಬೆಂಬಲ ಇನ್ನೂ ಇಲ್ಲ. ಚಲನೆ ನಿಧಾನ ಇರುವ ಕರುಳು ಹಾಗೇ ಇದ್ದರೆ, ಆ್ಯಸಿಡ್ ಮಾತ್ರೆಯೂ ಮುಂದುವರಿದರೆ, ಕೊಂದ ಯೀಸ್ಟ್ ಮತ್ತೆ ಬರುವುದಕ್ಕೆ ಅಡ್ಡಿ ಏನಿದೆ? ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ.

ಆದ್ದರಿಂದ ನಿಮ್ಮ ಮಾತ್ರೆ ಪಟ್ಟಿಯನ್ನೇ ಇನ್ನೊಂದು ಸಲ ನೋಡೋಣ. ನಿಮ್ಮ ತೊಂದರೆಗಳಿಗೆ ಅರ್ಧ ಉತ್ತರ ಅಲ್ಲೇ ಇದೆ ಅಂತ ನನ್ನ ಅಂದಾಜು.

ಮೆಟ್‌ಫಾರ್ಮಿನ್ ಗ್ಯಾಸ್, ಉಬ್ಬರ, ಬೇಧಿ ಮಾಡುವುದರಲ್ಲಿ ಹೆಸರುವಾಸಿ. ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಶುರುವಾಗುವುದೂ ಉಂಟು. ನಿಧಾನಕ್ಕೆ ಕರಗುವ ಮಾತ್ರೆಗೆ ಬದಲಾಯಿಸಿದರೆ, ಊಟದ ಜೊತೆ ತೆಗೆದುಕೊಂಡರೆ, ಬಹಳ ಜನಕ್ಕೆ ಹೊಟ್ಟೆ ಹಗುರ ಆಗುತ್ತದೆ. ಇದೇ ಮೆಟ್‌ಫಾರ್ಮಿನ್ ಬಿ12 ವಿಟಮಿನ್ ಹೀರಿಕೊಳ್ಳುವುದನ್ನೂ ಕಡಿಮೆ ಮಾಡುತ್ತದೆ. ಪ್ಯಾಂಟೊಪ್ರಜೋಲೂ ಅದನ್ನೇ ಮಾಡುತ್ತದೆ. ಸಸ್ಯಾಹಾರಿ ಆಗಿದ್ದರೆ ಮೂರನೆಯ ಪೆಟ್ಟು. ಬಿ12 ಕಡಿಮೆ ಆದರೆ ಸುಸ್ತು, ಮರೆವು, ತಲೆ ಮಂಕು, ಪಾದದಲ್ಲಿ ಜೋಮು. ನೀವು ಬರೆದದ್ದಕ್ಕೂ ಇದಕ್ಕೂ ಎಷ್ಟು ಹೋಲಿಕೆ ನೋಡಿ. ಬಿ12, ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣಾಂಶಕ್ಕೆ), ಟಿಎಸ್‌ಎಚ್ (ಥೈರಾಯ್ಡಿಗೆ), ಕ್ರಿಯಾಟಿನಿನ್ (ಕಿಡ್ನಿಗೆ) ಇಷ್ಟು ರಕ್ತಪರೀಕ್ಷೆ ಮಾಡಿಸಿ. ಆ ವೆಲ್‌ನೆಸ್ ಸೆಂಟರಿನ ಪ್ಯಾಕೇಜಿಗಿಂತ ಬಹಳ ಅಗ್ಗ.

ಪ್ಯಾಂಟೊಪ್ರಜೋಲ್-ಡೊಂಪೆರಿಡೋನ್ ನಮ್ಮಲ್ಲಿ ಕಾಫಿಗೆ ಮುಂಚಿನ ಅಭ್ಯಾಸವೇ ಆಗಿಬಿಟ್ಟಿದೆ. ಎದೆಯುರಿ, ಅಲ್ಸರ್, ರಕ್ತ ತೆಳು ಮಾಡುವ ಮಾತ್ರೆ ಥರದ ಕಾರಣ ಇಲ್ಲದಿದ್ದರೆ ಅದನ್ನು ನಿಧಾನಕ್ಕೆ ಬಿಡಬಹುದಾ ಅಂತ ಡಾಕ್ಟರನ್ನು ಕೇಳಿ. ಬಿಟ್ಟ ಮೊದಲ ವಾರಗಳಲ್ಲಿ ಆ್ಯಸಿಡ್ ಸ್ವಲ್ಪ ಏರಿ ಎದೆ ಉರಿಯಬಹುದು, ಅದಕ್ಕೆ ಹೆದರಿ ಮತ್ತೆ ಶುರು ಮಾಡುವವರೇ ಜಾಸ್ತಿ. ಇನ್ನೊಂದು ಮಾತು. ಡೊಂಪೆರಿಡೋನ್ ಇರುವಾಗ ಫ್ಲುಕೋನಜೋಲ್ ಸೇರಿಸಬಾರದು. ಎರಡೂ ಸೇರಿದರೆ ಹೃದಯದ ಬಡಿತದ ಲಯ ಕೆಡುವ ಅಪಾಯ ಇದೆ. ಪ್ಯಾಕೇಜ್ ಕೊಟ್ಟವರು ನಿಮ್ಮ ಮಾತ್ರೆಗಳ ಹೆಸರು ಕೇಳಿದ್ದರಾ?

ತುರಿಕೆ, ಬಿಳಿ ಸೆರಗು ಇದೆಯಲ್ಲ, ಇಲ್ಲಿ ಯೀಸ್ಟ್ ಇರುವ ಸಾಧ್ಯತೆ ನಿಜಕ್ಕೂ ಜಾಸ್ತಿ. ಡಾಪಾಗ್ಲಿಫ್ಲೋಜಿನ್ ಮೂತ್ರದಲ್ಲಿ ಸಕ್ಕರೆ ಹರಿಸುವುದರಿಂದ ಆ ಜಾಗದಲ್ಲಿ ಯೀಸ್ಟ್ ಬೆಳೆಯುತ್ತದೆ. ಈ ಗುಂಪಿನ ಮಾತ್ರೆಗಳ ಬಹಳ ಸಾಮಾನ್ಯ ಅಡ್ಡಪರಿಣಾಮ ಇದು. 2020ರ ಹೊತ್ತಿಗೆ ನಮ್ಮಲ್ಲಿ ಹಲವು ಕಂಪನಿಗಳು ಡಾಪಾಗ್ಲಿಫ್ಲೋಜಿನ್ ಮಾತ್ರೆಯನ್ನು ಅಗ್ಗವಾಗಿ ಮಾಡತೊಡಗಿದ ಮೇಲೆ ಬಳಕೆ ಹೆಚ್ಚಾಯಿತು. ಆದರೆ ನಮ್ಮ ಹೆಂಗಸರು ಈ ತುರಿಕೆಯನ್ನು ಶುಗರ್ ಡಾಕ್ಟರ ಹತ್ತಿರ ಹೇಳಲು ಸಂಕೋಚ ಪಡುತ್ತಾರೆ, ಹೇಳದೆ ಹಾಗೇ ತಡೆದುಕೊಳ್ಳುತ್ತಾರೆ. ಹೇಳಿ. ಸ್ತ್ರೀರೋಗ ತಜ್ಞರು ನೋಡಿ ಯೀಸ್ಟ್ ಅಂತ ಖಚಿತ ಮಾಡಿದರೆ ಕ್ಲೋಟ್ರಿಮಜೋಲ್ ಯೋನಿ ಮಾತ್ರೆ ಸಾಕಾಗುತ್ತದೆ. ಅದು ರಕ್ತಕ್ಕೆ ಹೋಗುವುದು ಅತ್ಯಲ್ಪ, ಗ್ಲಿಮೆಪಿರೈಡ್ ಜೊತೆ ಜಗಳವಿಲ್ಲ. ಮತ್ತೆ ಮತ್ತೆ ಬರುತ್ತಿದ್ದರೆ ಡಾಪಾಗ್ಲಿಫ್ಲೋಜಿನ್ ಬದಲು ಬೇರೆ ಮಾತ್ರೆ ಆಗುತ್ತದಾ ಅಂತ ಇಬ್ಬರು ಡಾಕ್ಟರೂ ಸೇರಿ ನೋಡಬೇಕು.

ಊಟದ ವಿಷಯ. ಸಕ್ಕರೆ ತಿಂದರೆ ಕರುಳಿನ ಯೀಸ್ಟ್ ಕೊಬ್ಬುತ್ತದೆ ಅನ್ನುವುದು ಕೇಳಲು ಸರಿ ಅನಿಸುತ್ತದೆ. 28 ಆರೋಗ್ಯವಂತರಿಗೆ ಸಕ್ಕರೆ ಜಾಸ್ತಿ ಇರುವ ಆಹಾರ ಕೊಟ್ಟು ನೋಡಿದ ಒಂದು ಅಧ್ಯಯನ 1999ರಲ್ಲಿ ಬಂತು. ಅವರ ಕರುಳಿನ ಕ್ಯಾಂಡಿಡಾದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ತಿಂದ ಸಕ್ಕರೆಯ ಬಹುಪಾಲು ಮೇಲಿನ ಕರುಳಿನಲ್ಲೇ ಹೀರಿಕೊಂಡು ಹೋಗುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಬಾಯಿ, ಚರ್ಮ, ಯೋನಿಯಲ್ಲಿ ಯೀಸ್ಟ್ ಹೆಚ್ಚುವುದು ಮಾತ್ರ ನಿಜ. ಸಿಹಿ ಬಿಡಿ, ಬಿಡಲೇಬೇಕು, ನಿಮಗೆ ಶುಗರ್ ಇದೆ ಅನ್ನುವ ಕಾರಣಕ್ಕೆ.

ಇಡ್ಲಿ, ದೋಸೆ ಬಿಟ್ಟದ್ದು ಮಾತ್ರ ಸುಮ್ಮನೆ. ಇಡ್ಲಿ ಹಿಟ್ಟನ್ನು ಹುಳಿ ಬರಿಸಿ ಉಬ್ಬಿಸುವುದು ಮುಖ್ಯವಾಗಿ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಕಾಡುಯೀಸ್ಟ್ ಇದ್ದರೂ ಹಬೆಯಲ್ಲಿ ಬೆಂದಮೇಲೆ ಸತ್ತಿರುತ್ತದೆ. ಬ್ರೆಡ್ಡಿನ ಯೀಸ್ಟೂ ಓವನ್ನಿನಲ್ಲೇ ಸಾಯುತ್ತದೆ. ಇಡ್ಲಿ ಶುಗರ್ ಬೇಗ ಏರಿಸುತ್ತದೆ, ಅದಕ್ಕೆ ಎರಡಕ್ಕೆ ನಿಲ್ಲಿಸಿ, ಸಾಂಬಾರು ತರಕಾರಿ ಜಾಸ್ತಿ ಹಾಕಿಕೊಳ್ಳಿ. ಮೊಸರು, ಮಜ್ಜಿಗೆ ತಿನ್ನಬಹುದು. ಹಾಲು ಕುಡಿದಾಗಲೇ ಉಬ್ಬರ ಆಗುತ್ತದಾ ಅಂತ ಗಮನಿಸಿ. ನಮ್ಮ ದಕ್ಷಿಣದವರಲ್ಲಿ ಹಾಲಿನ ಲ್ಯಾಕ್ಟೋಸ್ ಜೀರ್ಣ ಆಗದವರು ಉತ್ತರದವರಿಗಿಂತ ಜಾಸ್ತಿ. ಎರಡು ವಾರ ಹಾಲು ಬಿಟ್ಟು ನೋಡಿದರೆ ಗೊತ್ತಾಗಿಬಿಡುತ್ತದೆ. ಯೀಸ್ಟ್ ಡಯಟ್ ಮಾಡಿದವರಿಗೆ ಉಬ್ಬರ ಇಳಿಯುವುದು ಹೆಚ್ಚಾಗಿ ಇಂಥದ್ದೇ ಕಾರಣಕ್ಕೆ. ಹಾಲು, ಮೈದಾ, ಕೆಲವು ಹಣ್ಣು ಬಿಟ್ಟಾಗ ಕರುಳಿನಲ್ಲಿ ಹುದುಗಿ ಗ್ಯಾಸ್ ಆಗುವ ಪದಾರ್ಥವೇ ಕಡಿಮೆಯಾಗುತ್ತದೆ.

ನೀವು ಹೆಸರು ಬರೆದಿಲ್ಲ, ಆ ಸ್ಯಾಶೆಯ ಹಿಂದೆ ಸ್ಯಾಕರೋಮೈಸಿಸ್ ಬೌಲಾರ್ಡಿ ಅಂತ ಇದೆಯಾ ನೋಡಿ. ಮೆಡಿಕಲ್ ಶಾಪಿನಲ್ಲಿ ಬೇಧಿಗೆ ಕೊಡುವ ಬಹಳಷ್ಟು ಸ್ಯಾಶೆ ಅದೇ. ಇದ್ದರೆ ಒಂದು ತಮಾಷೆ ಇದೆ. ಅದೇ ಒಂದು ಯೀಸ್ಟ್! ಒಂದು ಕೈಯಲ್ಲಿ ಯೀಸ್ಟ್ ನುಂಗಿಸಿ, ಇನ್ನೊಂದು ಕೈಯಲ್ಲಿ ಅದನ್ನು ಕೊಲ್ಲುವ ಮಾತ್ರೆ ಕೊಟ್ಟು, ಎರಡಕ್ಕೂ ಬಿಲ್ ಹಾಕಿದಂತಾಯಿತು. ಓರೆಗಾನೋ ಎಣ್ಣೆ ಗಾಜಿನ ತಟ್ಟೆಯಲ್ಲಿ ಯೀಸ್ಟ್ ಕೊಲ್ಲುತ್ತದೆ. ಮನುಷ್ಯರ ಕರುಳಿನಲ್ಲಿ ಕೊಲ್ಲುತ್ತದೆ ಅನ್ನುವುದಕ್ಕೆ ಅಂಥ ಪುರಾವೆ ಇಲ್ಲ. ಎದೆಯುರಿ ಮಾತ್ರ ಗ್ಯಾರಂಟಿ ಕೊಡಬಹುದು.

ಕ್ಯಾಂಡಿಡಾಗೆ ಮಾತ್ರೆ ಕೊಡಲೇಬೇಕಾದ ಸಂದರ್ಭಗಳಿವೆ. ಬಾಯಿಯೊಳಗೆ ಒರೆಸಿದರೆ ಏಳುವ ಬಿಳಿ ಪದರ, ಅನ್ನನಾಳದಲ್ಲಿ ಬೆಳೆದು ನುಂಗಲು ನೋವು, ಕೀಮೋಥೆರಪಿ ಅಥವಾ ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಸಿದವರು, ಐಸಿಯುನಲ್ಲಿ ರಕ್ತಕ್ಕೆ ಹಬ್ಬಿದ ಸೋಂಕು. ಕೊನೆಯದು ಪ್ರಾಣ ತೆಗೆಯುತ್ತದೆ. ಫ್ಲುಕೋನಜೋಲನ್ನು ಸುಮ್ಮಸುಮ್ಮನೆ ತಿಂಗಳುಗಟ್ಟಲೆ ನುಂಗಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ. ಅದಕ್ಕೆ ಬಗ್ಗುವ ಯೀಸ್ಟ್ ಸತ್ತು, ಗ್ಲಾಬ್ರಾಟಾ, ಕ್ರೂಸಿಯಂಥ ಬಗ್ಗದ ಜಾತಿ ಉಳಿದು ಬೆಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಪಾಯಕಾರಿ ಫಂಗಸ್‌ಗಳ ಮೊದಲ ಪಟ್ಟಿ ಮಾಡಿದಾಗ, ನಮ್ಮ ದೇಶದ ಐಸಿಯುಗಳಿಗೂ ತಲೆನೋವಾಗಿರುವ ಕ್ಯಾಂಡಿಡಾ ಆರಿಸ್ ಅತ್ಯಂತ ಮೇಲಿನ ಗುಂಪಿನಲ್ಲಿತ್ತು. ಅದರ ಮೇಲೆ ಫ್ಲುಕೋನಜೋಲ್ ಹೆಚ್ಚಾಗಿ ಕೆಲಸವೇ ಮಾಡುವುದಿಲ್ಲ.

ಮುಂದಿನ ಎರಡು ಮೂರು ತಿಂಗಳು ಶುಗರ್ ಹಿಡಿತಕ್ಕೆ ತನ್ನಿ, ಮೆಟ್‌ಫಾರ್ಮಿನ್ ಮತ್ತು ಪ್ಯಾಂಟೊಪ್ರಜೋಲ್ ವಿಚಾರ ಸರಿಮಾಡಿಕೊಳ್ಳಿ, ಬಿ12 ಕಡಿಮೆ ಇದ್ದರೆ ತುಂಬಿಸಿಕೊಳ್ಳಿ. ಇಷ್ಟಾದ ಮೇಲೂ ಉಬ್ಬರ, ತೇಗು ಹಾಗೇ ಇದ್ದರೆ ಗ್ಯಾಸ್ಟ್ರೊಎಂಟರಾಲಜಿಸ್ಟ್ ಹತ್ತಿರ ಹೋಗಿ ಕರುಳಿನ ರಸದ ಪರೀಕ್ಷೆ ಕೇಳಿ. ಮಲದಲ್ಲಿ ರಕ್ತ, ರಾತ್ರಿ ಎಬ್ಬಿಸುವ ಬೇಧಿ, ಬಿಡದ ಜ್ವರ, ಊಟ ಸರಿಯಿದ್ದೂ ಇಳಿಯುವ ತೂಕ, ಇವುಗಳಲ್ಲಿ ಯಾವುದೇ ಇದ್ದರೆ ಮೂರು ತಿಂಗಳು ಕಾಯಬೇಡಿ, ಈಗಲೇ ಹೋಗಿ.

ನಿಮ್ಮ ಯಜಮಾನರಿಗೆ ತುರಿಕೆ, ಕೆಂಪು, ಉರಿ ಏನೂ ಇಲ್ಲದಿದ್ದರೆ ಯಾವ ಮಾತ್ರೆಯೂ ಬೇಡ. ಇದ್ದರೆ ಹಚ್ಚುವ ಕ್ರೀಮ್ ಸಾಕು, ಮತ್ತು ಅವರೂ ಒಮ್ಮೆ ಶುಗರ್ ಟೆಸ್ಟ್ ಮಾಡಿಸಿಕೊಳ್ಳಲಿ.